ಒರ್ವಿಯೆಟೊದಲ್ಲಿ ಪಟ್ಟಿ ಇಲ್ಲದ ಒಂದು ಗುರುವಾರ

ಬುಧವಾರ, ಸಂಜೆ

ರೋಮ್‌ನಲ್ಲಿ ಮೂರು ದಿನ ಓಡಿದ್ದೇ ಓಡಿದ್ದು. ನಮ್ಮವರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ರಿಟೈರ್ ಆಗಿ ಎರಡು ವರ್ಷವಾದರೂ ಜೇಬಿನಲ್ಲಿ ಒಂದು ಸಣ್ಣ ಡೈರಿ ಇಟ್ಟುಕೊಂಡೇ ಇರುತ್ತಾರೆ. ಅದರಲ್ಲಿ ನೋಡಬೇಕಾದ ಜಾಗಗಳ ಪಟ್ಟಿ, ನೋಡಿ ಮುಗಿಸಿದ್ದಕ್ಕೆ ಟಿಕ್ ಮಾರ್ಕು. ಮೂರನೇ ದಿನ ರಾತ್ರಿ ನನ್ನ ಬಲಗಾಲಿನ ಮಂಡಿ ಊದಿಕೊಂಡಿತು.

ಮ್ಯೂನಿಕ್‌ನಲ್ಲಿರುವ ಮಗನಿಗೆ ಫೋನ್ ಮಾಡಿದೆ. "ಅಮ್ಮ, ಫ್ಲಾರೆನ್ಸ್‌ಗೆ ಹೋಗೋ ದಾರಿಯಲ್ಲೇ ಒರ್ವಿಯೆಟೊ ಅಂತ ಒಂದು ಬೆಟ್ಟದ ಊರಿದೆ. ಎರಡು ರಾತ್ರಿ ಅಲ್ಲಿ ಸುಮ್ನೆ ಇದ್ದುಬಿಡಿ" ಅಂದ. ಸರಿ, ನಾನೂ ಒಂದು ಶರತ್ತು ಹಾಕಿದೆ. ಗುರುವಾರ ಪೂರ್ತಿ ಡೈರಿ ಸೂಟ್‌ಕೇಸ್ ಒಳಗಿರಬೇಕು.

"ಇಷ್ಟು ದುಡ್ಡು ಹಾಕಿ ಬಂದು ಸುಮ್ನೆ ಕೂರೋದಾ?"

"ಹೌದು ರೀ, ಕೂರೋದೇ."

ರೋಮ್‌ನ ಟೆರ್ಮಿನಿ ಸ್ಟೇಷನ್ನಿಂದ ಪ್ಯಾಸೆಂಜರ್ ರೈಲಿನಲ್ಲಿ ಒಂದೂಕಾಲು ಗಂಟೆ ದಾರಿ. ಉಂಬ್ರಿಯ ಪ್ರಾಂತ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಊರು ಕಾಣಿಸಿತು. ಬೆಲ್ಲದ ದೊಡ್ಡ ಅಚ್ಚೊಂದನ್ನು ಬಯಲಿನಲ್ಲಿ ಇಟ್ಟ ಹಾಗೆ ಒಂದು ಬಂಡೆ. ಬಣ್ಣವೂ ಬೆಲ್ಲದ್ದೇ. ಸುತ್ತ ಕಡಿದಾದ ಗೋಡೆ, ಮೇಲೆ ಚಪ್ಪಟೆ, ಅಂಚಿನ ತನಕ ಮನೆಗಳು. ಹಳೆಯ ಕಾಲದಲ್ಲಿ ಜ್ವಾಲಾಮುಖಿಯ ಬೂದಿ ಬಿದ್ದು ಗಟ್ಟಿಯಾಗಿ ಆದ ಕಲ್ಲು ಇದು. ಟೂಫಾ ಅನ್ನುತ್ತಾರೆ. ಕಲ್ಲು ಅಂದರೂ ಮೆದು. ಅಂಚು ಕುಸಿಯುತ್ತಾ ಬಂದಿದ್ದರಿಂದ ಬಂಡೆಯನ್ನು ಉಳಿಸುವುದಕ್ಕೆಂದೇ ಇಟಲಿ 1978ರಲ್ಲಿ ಒಂದು ವಿಶೇಷ ಕಾನೂನು ಮಾಡಿತು. ಇದನ್ನೆಲ್ಲ ಇವರು ರೈಲಿನಲ್ಲೇ ಓದಿ ಹೇಳಿದರು. ಪಟ್ಟಿ ಬೇಡ ಅಂದಿದ್ದೆ, ಪಾಠ ಬೇಡ ಅಂದಿರಲಿಲ್ಲ.

ಸ್ಟೇಷನ್ ಇರುವುದು ಕೆಳಗೆ. ಎದುರಿಗೇ ಫ್ಯುನಿಕ್ಯುಲರ್, ಅಂದರೆ ಹಗ್ಗ ಎಳೆಯುವ ಇಳಿಜಾರು ರೈಲು. ಎರಡು ಬೋಗಿ, ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಬರುತ್ತದೆ. ನಡುವೆ ಒಂದು ಕಡೆ ಹಳಿ ಎರಡಾಗಿ ಸೀಳಿ, ಎರಡೂ ಪಕ್ಕಪಕ್ಕ ದಾಟುತ್ತವೆ. 1888ರಲ್ಲಿ ಶುರುವಾದಾಗ ಇದಕ್ಕೆ ಇಂಜಿನ್ನೇ ಇರಲಿಲ್ಲವಂತೆ. ಮೇಲಿನ ಬೋಗಿಗೆ ನೀರು ತುಂಬುವುದು, ಆ ಭಾರಕ್ಕೆ ಅದು ಇಳಿಯುವುದು, ಕೆಳಗಿನದು ಏರುವುದು. "ನೀರಿನ ಕೆಲಸ ನೋಡೇ!" ಅಂತ ಇವರು ಕಿಟಕಿಗೆ ಅಂಟಿಕೊಂಡರು. ಈಗ ಓಡುವುದು ಕರೆಂಟಿನಲ್ಲಿ, 1990ರಿಂದ. ಎರಡು ನಿಮಿಷಕ್ಕೆಲ್ಲ ಮೇಲೆ ತಲುಪಿದೆವು.

ಅಲ್ಲಿಂದ ಊರೊಳಕ್ಕೆ ಸಣ್ಣ ಬಸ್ಸಿದೆ. "ಹದಿನೈದು ನಿಮಿಷದ ದಾರಿ, ನಡೆದೇ ಹೋಗೋಣ" ಅಂದದ್ದು ಯಾರು ಅಂತ ಬರೆಯುವುದಿಲ್ಲ. ಕಲ್ಲು ಹಾಸಿದ ಏರು ಬೀದಿ. ಅರ್ಧ ದಾರಿಯಲ್ಲಿ ಸೂಟ್‌ಕೇಸಿನ ಒಂದು ಚಕ್ರ ಕಿತ್ತು ಉರುಳಿಕೊಂಡು ಹೋಯಿತು. ಹಿಂದೆ ಬರುತ್ತಿದ್ದ ಒಬ್ಬ ಅಜ್ಜ ಅದನ್ನು ಎತ್ತಿ ತಂದು, ಬಹಳ ಮರ್ಯಾದೆಯಿಂದ ಇವರ ಕೈಗೆ ಕೊಟ್ಟರು.

ಗುರುವಾರ

ಬೆಳಿಗ್ಗೆ ಏಳಕ್ಕೆ ಕಿಟಕಿ ತೆರೆದರೆ ಕೆಳಗೆ ಏನೂ ಇಲ್ಲ. ರೈಲು ಹಳಿ, ಹೆದ್ದಾರಿ, ಪಾಲ್ಯಾ ನದಿ, ನಿನ್ನೆ ಕಂಡಿದ್ದೆಲ್ಲ ಮಂಜಿನೊಳಗೆ. ಅಕ್ಟೋಬರ್ ತಿಂಗಳು. ನಾವಿದ್ದ ಬಂಡೆ ಮಾತ್ರ ಬಿಸಿಲಿನಲ್ಲಿ. ಇವರು ಫೋಟೋ ತೆಗೆಯುತ್ತಾ ಅಭ್ಯಾಸಬಲದಿಂದ ಜೇಬು ತಡವಿಕೊಂಡರು. ಡೈರಿ ಇರಲಿಲ್ಲ.

ಮೂಲೆಯ ಕಾಫಿ ಅಂಗಡಿಯಲ್ಲಿ ಎಲ್ಲರೂ ನಿಂತೇ ಕುಡಿಯುತ್ತಿದ್ದರು. ಇಲ್ಲಿ ಅದನ್ನು ಬಾರ್ ಅನ್ನುತ್ತಾರೆ. ಮೊದಲ ದಿನ ರೋಮ್‌ನಲ್ಲಿ ಆ ಬೋರ್ಡು ನೋಡಿ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗಿದ್ದೆ! ನಮ್ಮೂರ ದರ್ಶಿನಿಯ ಹಾಗೆಯೇ, ನಿಂತು ಕುಡಿದರೆ ಒಂದು ರೇಟು. ಟೇಬಲ್ಲಿಗೆ ತಂದುಕೊಟ್ಟರೆ ಸಾಮಾನ್ಯವಾಗಿ ಜಾಸ್ತಿ. ಎಸ್ಪ್ರೆಸೊ ಅಂದರೆ ಎರಡು ಗುಟುಕು. ನಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್ನನ್ನೇ ಕಪ್ಪಿಗೆ ಹಾಕಿಕೊಟ್ಟ ಹಾಗೆ. ನಾನು ಕಪುಚಿನೊಗೇ ಅಂಟಿಕೊಂಡೆ. ಹಾಲು ಬೆರೆತ ಕಾಫಿಯನ್ನು ಇಲ್ಲಿಯ ಜನ ಬೆಳಿಗ್ಗೆ ಮಾತ್ರ ಕುಡಿಯುತ್ತಾರೆ. ಊಟ ಆದಮೇಲೆ ಕೇಳಿದರೆ ಕೊಡುತ್ತಾರೆ, ಆದರೆ ಮುಖ ನೋಡುತ್ತಾರೆ.

ಪಿಯಾತ್ಸಾ ದೆಲ್ ಪೋಪೊಲೊ ಅನ್ನುವ ಚೌಕದಲ್ಲಿ ಗುರುವಾರ ಮತ್ತು ಶನಿವಾರ ಸಂತೆ. ನಮಗದು ಗೊತ್ತೇ ಇರಲಿಲ್ಲ, ಗುರುವಾರ ಬಂದದ್ದು ನಮ್ಮ ಅದೃಷ್ಟ. ಹದಿಮೂರನೇ ಶತಮಾನದ ದೊಡ್ಡ ಕಲ್ಲು ಕಟ್ಟಡದ ಕೆಳಗೆ ಒಳಬನಿಯನ್, ಚಪ್ಪಲಿ, ಬಕೆಟ್ಟು, ಚೀಸು, ದ್ರಾಕ್ಷಿ, ದಾಳಿಂಬೆ. ಒಂದು ಗಾಡಿಯಲ್ಲಿ ಇಡೀ ಹಂದಿಯನ್ನು ಸುಟ್ಟು ಮಲಗಿಸಿದ್ದರು, ಜನ ಸಾಲಾಗಿ ನಿಂತಿದ್ದರು. ನಾವು ಸಸ್ಯಾಹಾರಿಗಳು, ಬೇರೆ ಕಡೆ ನೋಡಿಕೊಂಡು ದಾಟಿದೆವು.

ಟೊಮ್ಯಾಟೊ ಚೆನ್ನಾಗಿತ್ತು. ನಾನು ಒಂದನ್ನು ಎತ್ತಿ ಒತ್ತಿ ನೋಡಿದೆ. ಅಂಗಡಿಯ ಹೆಂಗಸು "ಸಿನ್ಯೋರಾ!" ಅಂತ ಕೂಗಿದ್ದಕ್ಕೆ ಪಕ್ಕದ ಗಾಡಿಯವನೂ ತಿರುಗಿದ. ಇಲ್ಲಿ ಹಣ್ಣು ತರಕಾರಿ ನಾವು ಮುಟ್ಟುವ ಹಾಗಿಲ್ಲ, ಬೇಕಾದ್ದು ತೋರಿಸಬೇಕು, ಅವರೇ ಆರಿಸಿಕೊಡುತ್ತಾರೆ. ಮೂವತ್ತೈದು ವರ್ಷ ತರಕಾರಿ ಆರಿಸಿದ ಕೈ ಸ್ವಾಮಿ ಇದು! ಆದರೂ ಕೈ ಹಿಂದೆ ಕಟ್ಟಿಕೊಂಡು ನಿಂತೆ. ಆಕೆ ಆರಿಸಿಕೊಟ್ಟ ಆರು ಹಣ್ಣಿನಲ್ಲಿ ಒಂದೂ ಕೆಟ್ಟದ್ದಿರಲಿಲ್ಲ. ಅದೇ ಇನ್ನಷ್ಟು ಅವಮಾನ.

ಅಲ್ಲೇ ಒಂದು ದೊಡ್ಡ ಬ್ರೆಡ್ಡು ಕೊಂಡೆವು. ಮುರಿದು ಬಾಯಿಗಿಟ್ಟರೆ ಸಪ್ಪೆ. ಉಪ್ಪು ಹಾಕುವುದು ಮರೆತಿದ್ದಾರೆ ಅಂದುಕೊಂಡೆ. ಮರೆತದ್ದಲ್ಲ, ಉಂಬ್ರಿಯದ ಬ್ರೆಡ್ಡೇ ಹಾಗೆ. 1540ರಲ್ಲಿ ಪೋಪ್ ಮೂರನೇ ಪಾಲ್ ಉಪ್ಪಿನ ತೆರಿಗೆ ಏರಿಸಿದಾಗ ಇದೇ ಪ್ರಾಂತ್ಯದ ಪೆರೂಜಾ ನಗರ ದಂಗೆ ಎದ್ದು ಸೋತಿತು. ಆ ಸಿಟ್ಟಿಗೆ ಜನ ಬ್ರೆಡ್ಡಿಗೆ ಉಪ್ಪು ಹಾಕುವುದನ್ನೇ ಬಿಟ್ಟರು ಅಂತ ಒಂದು ಕಥೆ ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಸಪ್ಪೆಯಂತೂ ನಿಜ. ನಾನು ಬ್ಯಾಗಿನಿಂದ ಚಟ್ನಿಪುಡಿ ಕವರ್ ತೆಗೆದೆ. ಸಂತೆಯಲ್ಲೇ ಕೊಂಡ ಆಲಿವ್ ಎಣ್ಣೆ ಬಾಟಲಿಯನ್ನು ಇವರು ತೆರೆದರು. ಕಟ್ಟೆಯ ಮೇಲೆ ಕೂತು ತಿಂದೆವು. ಪೋಪ್‌ಗೂ ನಮಗೂ ಜಗಳ ಇಲ್ಲ.

ಹನ್ನೊಂದರ ಹೊತ್ತಿಗೆ ಇವರ ಕಾಲು ತಾವಾಗಿಯೇ ಫ್ಯುನಿಕ್ಯುಲರ್ ಕಡೆ ತಿರುಗಿದವು. ಅಲ್ಲಿ ಸಂತ ಪ್ಯಾಟ್ರಿಕ್ಕನ ಬಾವಿ ಇದೆ, ಪೊತ್ಸೊ ದಿ ಸಾನ್ ಪತ್ರೀತ್ಸಿಯೊ. "ಇದು ಪಟ್ಟಿಯಲ್ಲಿರೋದು ಅಲ್ಲ, ಬಾವಿ ಅಷ್ಟೇ" ಅಂದರು. ನೀರಾವರಿಯವರಿಗೆ ಬಾವಿ ಬೇಡ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಬಾವಿಯ ಹಿಂದೆ ಒಂದು ದೊಡ್ಡ ಕಥೆಯೇ ಇದೆ. 1527ರಲ್ಲಿ ಜರ್ಮನಿ, ಸ್ಪೇನ್ ಆಳುತ್ತಿದ್ದ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ ರೋಮ್ ನಗರವನ್ನು ಲೂಟಿ ಮಾಡಿತು. ಪೋಪ್ ಏಳನೇ ಕ್ಲೆಮೆಂಟ್ ತಿಂಗಳುಗಟ್ಟಲೆ ಸೆರೆಯಾಗಿದ್ದು, ಡಿಸೆಂಬರಿನಲ್ಲಿ ವೇಷ ಮರೆಸಿಕೊಂಡು ಓಡಿ ಈ ಬಂಡೆ ಹತ್ತಿದ. ಶತ್ರುಗಳು ಹತ್ತುವುದು ಕಷ್ಟ, ಸರಿ. ಆದರೆ ಸುತ್ತ ಮುತ್ತಿಗೆ ಹಾಕಿ ಕೂತರೆ ಕುಡಿಯುವ ನೀರು? ಅದಕ್ಕೇ ಅಂತೋನಿಯೊ ದ ಸಂಗಾಲೊ ಎಂಬ ವಾಸ್ತುಶಿಲ್ಪಿಯನ್ನು ಕರೆಸಿ ಬಾವಿ ತೋಡಿಸಲು ಹೊರಟ. ಕೆಲಸ ಮುಗಿದದ್ದು 1537ರಲ್ಲಿ. ಅಷ್ಟು ಹೊತ್ತಿಗೆ ಕ್ಲೆಮೆಂಟ್ ತೀರಿಕೊಂಡು ಮೂರು ವರ್ಷವಾಗಿತ್ತು. ಮುಗಿಸಿದ ಪೋಪ್ ಯಾರು ಅಂದರೆ, ನಮ್ಮ ಉಪ್ಪಿನ ತೆರಿಗೆಯ ಮೂರನೇ ಪಾಲ್.

ಇನ್ನೊಂದು ಸಂಗತಿ ಹೇಳಲೇಬೇಕು. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ರಾಯಭಾರಿಗಳು 1528ರಲ್ಲಿ ಇದೇ ಊರಿಗೆ ಹುಡುಕಿಕೊಂಡು ಬಂದು ಪೋಪ್‌ನ ಮುಂದೆ ನಿಂತಿದ್ದರು. ರಾಣಿ ಕ್ಯಾಥರೀನ್ ಜೊತೆಗಿನ ಮದುವೆ ರದ್ದು ಮಾಡಿಕೊಡಿ ಅಂತ ಅರ್ಜಿ. ಆಚೆ ಚಕ್ರವರ್ತಿ ಆ ರಾಣಿಯ ಅಕ್ಕನ ಮಗ. ಪಾಪ, ಪೋಪ್ ಏನು ಮಾಡಿಯಾನು? ಗಂಡಹೆಂಡಿರ ಜಗಳದ ನಡುವೆ ಸಿಕ್ಕಿಕೊಂಡ ಮನೆ ಹಿರಿಯನ ಪಾಡು.

ಬಾವಿ 53 ಮೀಟರ್ ಆಳ, 13 ಮೀಟರ್ ಅಗಲ. ನಡುವೆ ಖಾಲಿ ಕೊಳವೆ, ಅದನ್ನು ಸುತ್ತಿಕೊಂಡು ಎರಡು ಮೆಟ್ಟಿಲು ದಾರಿ. ಒಂದೊಂದರಲ್ಲೂ 248 ಮೆಟ್ಟಿಲು. ಎರಡೂ ಒಂದರ ಮೇಲೊಂದು ಸುತ್ತುತ್ತವೆ, ಆದರೆ ಎಲ್ಲೂ ಸೇರುವುದಿಲ್ಲ. ಬಾಗಿಲೂ ಬೇರೆ ಬೇರೆ. ಹೇಸರಗತ್ತೆಗಳು ಖಾಲಿ ಪಾತ್ರೆ ಹೊತ್ತು ಒಂದರಲ್ಲಿ ಇಳಿದು, ತಳದ ಸಣ್ಣ ಸೇತುವೆ ದಾಟಿ, ನೀರು ಹೊತ್ತು ಇನ್ನೊಂದರಲ್ಲಿ ಏರುತ್ತಿದ್ದವು. ಎದುರುಬದುರು ಆಗುವ ಮಾತೇ ಇಲ್ಲ. ಮೆಟ್ಟಿಲು ಅಗಲ, ಎತ್ತರ ಕಡಿಮೆ, ಕತ್ತೆಯ ಕಾಲಿನ ಅಳತೆಗೆ. ಒಳಗೋಡೆಯಲ್ಲಿ 70 ಕಿಟಕಿ, ಬೆಳಕೆಲ್ಲ ಮೇಲಿನಿಂದ.

"ನಿನ್ನ ಮಂಡಿಗೆ ಬೇಡ, ಮೇಲೇ ಕೂತಿರು. ನಾನು ಎಣಿಸಿಕೊಂಡು ಬರ್ತೀನಿ" ಅಂದರು. ಹೋದರು. ನಾನು ಹತ್ತು ನಿಮಿಷ ತೋಟದಲ್ಲಿ ಕೂತೆ. ಆಮೇಲೆ ಅನ್ನಿಸಿತು, ಕತ್ತೆ ಇಳಿದ ದಾರಿ, ನಾನು ಇಳಿಯಲಾರೆನಾ? ಟಿಕೆಟ್ ಹೇಗೂ ಎರಡು ತಗೊಂಡಿದ್ದೆವು.

ಒಳಗೆ ತಂಪು. ಗೋಡೆ ಹಿಡಿದು ಇಳಿದೆ. ಮೇಲೆ ಕಲ್ಲನ್ನೇ ಕೊರೆದದ್ದು, ಕೆಳಗೆ ಹೋದಂತೆ ಇಟ್ಟಿಗೆ. ಎರಡು ಸುತ್ತಿಗೊಂದು ಕಿಟಕಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದೆ. ಅರ್ಧ ಇಳಿದಿರಬೇಕು, ತಲೆ ಎತ್ತಿದರೆ ಎದುರು ಕಿಟಕಿಯಲ್ಲಿ ನಮ್ಮವರು. ಮೇಲೆ ಹತ್ತುತ್ತಿದ್ದಾರೆ. ಬಾಯಿ ಅಲ್ಲಾಡುತ್ತಿದೆ, ಎಣಿಸುತ್ತಿದ್ದಾರೆ.

ಕೈ ಬೀಸಿದೆ. ನೋಡಲಿಲ್ಲ. ಮುಂದಿನ ಕಿಟಕಿಗೆ ಬಂದರು, ಮತ್ತೆ ಬೀಸಿದೆ. ಇಲ್ಲ.

"ರೀ!"

ಬಾವಿ ಪೂರ್ತಿ "ರೀ, ರೀ" ಅಂದಿತು. ಮೇಲಿನ ಕಿಟಕಿ, ಕೆಳಗಿನ ಕಿಟಕಿಗಳಲ್ಲೆಲ್ಲ ಯಾರ್ಯಾರದೋ ತಲೆ ಹೊರಬಂತು. ಕೊನೆಗೆ ಇವರದೂ.

"ಏಯ್, ನೀನ್ಯಾಕೆ ಇಳಿದೆ? ಅಲ್ಲೇ ಇರು, ಬಂದೆ!"

ಬಂದೆ ಅಂದರೆ ಹೇಗೆ ಬರುವುದು? ನಡುವೆ ಇರುವುದು ನಾಲ್ಕಾರು ಮಾರು, ಆದರೆ ಅದು ಗಾಳಿ. ಈ ದಾರಿಗೂ ಆ ದಾರಿಗೂ ಬಾಗಿಲೇ ಇಲ್ಲ. ಒಂದೋ ಮೇಲೆ ಹತ್ತಿ ಹೊರಗೆ ಹೋಗಿ ಮತ್ತೆ ನನ್ನ ಬಾಗಿಲಿನಿಂದ ಇಳಿಯಬೇಕು. ಇಲ್ಲ, ವಾಪಸ್ ತಳಕ್ಕೆ ಹೋಗಿ ಕಾಯಬೇಕು. ಇವರಿಗೂ ಅದು ಆ ಕ್ಷಣಕ್ಕೇ ಹೊಳೆದಿರಬೇಕು. ಕೈಯಲ್ಲಿ ಎರಡು ಸುರುಳಿ ಬರೆದು ತೋರಿಸುತ್ತಾ, "ನೋಡಿದೆಯಾ ಹೆಂಗ್ ಮಾಡಿದಾನೆ! ಸೇರೋ ಹಂಗೇ ಇಲ್ಲ!" ಅಂತ ಕೂಗಿದರು. ನಾನು ಇಲ್ಲಿ ಮಂಡಿ ಒತ್ತಿಕೊಂಡು ಕೂತಿದ್ದೇನೆ, ಇವರಿಗೆ ಸಂಗಾಲೊನ ಮೇಲೆ ಅಭಿಮಾನ.

ಆಮೇಲೆ ಏರುವ ದಾರಿಯಲ್ಲಿ ಇಳಿಯುತ್ತಾ, ಎದುರು ಬರುವವರಿಗೆಲ್ಲ "ಸಾರಿ, ಸಾರಿ" ಅನ್ನುವುದು ಒಂದೊಂದು ಕಿಟಕಿಯಿಂದಲೂ ಕೇಳಿಸಿತು. ನಾನೂ ಇಳಿದೆ. ಇಬ್ಬರೂ ತಳದ ಸೇತುವೆ ಮೇಲೆ ಸಿಕ್ಕೆವು. ನೀರಿನೊಳಗೆ ಜನ ಎಸೆದ ನಾಣ್ಯಗಳು ಹೊಳೆಯುತ್ತಿದ್ದವು. ಮೇಲೆ ನೋಡಿದರೆ ಆಕಾಶ ಒಂದು ತಟ್ಟೆಯಷ್ಟು.

"ಎಷ್ಟಾಯ್ತು?" ಅಂತ ಕೇಳಿದೆ.

"ಇಳಿವಾಗ ಸರಿಯಾಗಿತ್ತು. ಹತ್ತುವಾಗ ನೂರ ಹನ್ನೊಂದೋ ಹನ್ನೆರಡೋ, ನೀನು ಕೂಗಿದೆ."

ಹತ್ತುವಾಗ ಒಟ್ಟಿಗೆ ಹತ್ತಿದೆವು, ಪ್ರತಿ ಕಿಟಕಿಯಲ್ಲೂ ನಿಂತು. ಎಣಿಸುವುದು ಆಗಲಿಲ್ಲ. ಇಟಲಿಯವರಲ್ಲಿ ಒಂದು ಮಾತಿದೆ, ಎಷ್ಟು ತೆಗೆದರೂ ಮುಗಿಯದ್ದಕ್ಕೆ ಸಂತ ಪ್ಯಾಟ್ರಿಕ್ಕನ ಬಾವಿ ಅನ್ನುತ್ತಾರೆ. ಆ ಮೆಟ್ಟಿಲಿಗೂ ಅದು ಸರಿಯಾಗಿ ಹೊಂದುತ್ತದೆ.

ಊಟಕ್ಕೆ ಉಂಬ್ರಿಕೆಲ್ಲಿ. ಬರೀ ಹಿಟ್ಟು ನೀರಿನಲ್ಲಿ ಕೈಯಲ್ಲೇ ಹೊಸೆದ ದಪ್ಪ ಶ್ಯಾವಿಗೆ ಅನ್ನಿ. ಮೊಟ್ಟೆ ಹಾಕುವುದಿಲ್ಲ, ನಮಗೆ ಅನುಕೂಲ. ಮೇಲೆ ಕಪ್ಪು ಟ್ರಫಲ್ ತುರಿದು ಕೊಟ್ಟರು. ನೆಲದಡಿ ಬೆಳೆಯುವ ಅಣಬೆ ಜಾತಿ, ವಾಸನೆ ಮೊದಲ ಮಳೆಯ ಮಣ್ಣಿಗೆ ಬೆಳ್ಳುಳ್ಳಿ ಬೆರೆಸಿದ ಹಾಗೆ. ಇವರಿಗೆ ಹಿಡಿಸಿತು, ನನಗೆ ಅಷ್ಟಕ್ಕಷ್ಟೇ. ಒರ್ವಿಯೆಟೊ ಅಂದರೆ ಬಿಳಿ ವೈನು ಅಂತ ಹೋಟೆಲಿನವನು ಎರಡು ಸಲ ಹೇಳಿದ. ಇವರು ಒಂದು ಲೋಟ ಕುಡಿದರು. ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ 2 ಯೂರೋ ಜಾಸ್ತಿ ಇತ್ತು. ಕೂತದ್ದಕ್ಕೆ, ಬ್ರೆಡ್ಡಿಗೆ. ಸಪ್ಪೆ ಬ್ರೆಡ್ಡಿಗೆ!

ಒಂದು ಗಂಟೆ ದಾಟಿದ್ದೇ ಊರು ಬಾಗಿಲು ಹಾಕಿಕೊಂಡಿತು. ಬಟ್ಟೆ ಅಂಗಡಿ, ಪಿಂಗಾಣಿ ಅಂಗಡಿ, ಎಲ್ಲ ನಾಲ್ಕರ ತನಕ ಬಂದ್. ಚಿತ್ತಾಸ್ಲೊ ಅನ್ನುವ ಒಂದು ಕೂಟವಿದೆ, ನಿಧಾನದ ಊರುಗಳ ಸಂಘ ಅನ್ನಬಹುದು. 1999ರಲ್ಲಿ ಇಟಲಿಯ ನಾಲ್ಕು ಊರಿನ ಮೇಯರ್‌ಗಳು ಸೇರಿ ಶುರು ಮಾಡಿದ್ದು, ಅದರಲ್ಲಿ ಒರ್ವಿಯೆಟೊ ಒಂದು. ಸಂಘದ ಕಚೇರಿ ಇರುವುದೂ ಇಲ್ಲೇ. ಐವತ್ತು ಸಾವಿರಕ್ಕಿಂತ ಜಾಸ್ತಿ ಜನ ಇರುವ ಊರಿಗೆ ಸದಸ್ಯತ್ವ ಇಲ್ಲ, ಗುರುತು ಬಸವನಹುಳು. ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗುವುದಕ್ಕೆ ಸಂಘ ಬೇರೆ ಬೇಕಾ ಅಂತ ಇವರು ಗೊಣಗಿದರು. ಗೊಣಗುತ್ತಲೇ ನಿದ್ದೆ ಹೋದರು, ಐದರ ತನಕ ಏಳಲಿಲ್ಲ.

ಡೂಮೊ, ಅಂದರೆ ಇಲ್ಲಿನ ದೊಡ್ಡ ಚರ್ಚು, ಸಂಜೆ ಹೊತ್ತಿನಲ್ಲೇ ನೋಡಬೇಕು. ಅದರ ಮುಖ ಪಶ್ಚಿಮಕ್ಕಿದೆ. ಇಕ್ಕಟ್ಟಾದ ಬೀದಿಯಿಂದ ಹೊರಬಂದರೆ ಎದುರಿಗೆ ಬಂಗಾರ. ಮೇಲೆಲ್ಲ ಮೊಸಾಯಿಕ್ಕು, ಬಿಸಿಲು ಬಿದ್ದು ಕಣ್ಣು ಕುಕ್ಕುತ್ತದೆ. ಆದರೆ ನನಗೆ ಜಾಸ್ತಿ ಇಷ್ಟವಾದದ್ದು ಪಕ್ಕದ ಗೋಡೆ. ನಮ್ಮ ದೇವಸ್ಥಾನದ ಪೌಳಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತೇವಲ್ಲ, ಹಾಗೆ ಇಲ್ಲಿ ಕಪ್ಪು ಬಿಳಿ ಪಟ್ಟೆ, ಅಡ್ಡಡ್ಡ. ಬಳಿದದ್ದಲ್ಲ, ಒಂದು ಸಾಲು ಕಪ್ಪು ಕಲ್ಲು, ಒಂದು ಸಾಲು ಬಿಳಿ ಕಲ್ಲು. 1290ರಲ್ಲಿ ಅಡಿಗಲ್ಲು ಹಾಕಿದ್ದು. ಮುಖದ ಕೆಳಭಾಗದ ನಾಲ್ಕು ಕಂಬಗಳಲ್ಲಿ ಸೃಷ್ಟಿಯಿಂದ ಪ್ರಳಯದ ತನಕ ಕೆತ್ತನೆ. ಎಡಗಡೆಯ ಮೊದಲ ಕಂಬದಲ್ಲಿ ದೇವರು ಮಲಗಿರುವ ಆದಾಮನ ಪಕ್ಕೆಯಿಂದ ಈವಳನ್ನು ಎಬ್ಬಿಸುತ್ತಿದ್ದಾನೆ. ಆದಾಮನಿಗೆ ಗಾಢ ನಿದ್ದೆ. ಮಧ್ಯಾಹ್ನದ ನಮ್ಮವರ ಹಾಗೆ.

ಒಳಗೆ ಬಲಗಡೆ ಸಾನ್ ಬ್ರಿತ್ಸಿಯೊ ಗುಡಿ. ಚಿತ್ರಕಾರ ಫ್ರಾ ಆಂಜೆಲಿಕೊ 1447ರಲ್ಲಿ ಸೂರಿನ ಸ್ವಲ್ಪ ಭಾಗಕ್ಕೆ ಚಿತ್ರ ಬರೆದು ಬಿಟ್ಟುಹೋದ. ಐವತ್ತು ವರ್ಷ ಆದಮೇಲೆ ಲೂಕಾ ಸಿನ್ಯೊರೆಲ್ಲಿ ಬಂದು 1499ರಿಂದ ಉಳಿದದ್ದನ್ನು ಬರೆದ. ನೆಲ ಸೀಳಿಕೊಂಡು ಸತ್ತವರು ಎದ್ದು ಬರುತ್ತಿದ್ದಾರೆ. ಕೆಲವರಿಗೆ ಇನ್ನೂ ಮೈಮೇಲೆ ಮಾಂಸ ಬಂದಿಲ್ಲ, ಅಸ್ಥಿಪಂಜರ ನಗುತ್ತಾ ನಿಂತಿದೆ. ಇನ್ನೊಂದು ಗೋಡೆಯಲ್ಲಿ ನರಕ. ಅಲ್ಲಿನ ದೆವ್ವಗಳ ಮೈ ಹಸಿರು, ನೇರಳೆ. ಒಂದು ಮೂಲೆಯಲ್ಲಿ ಕಪ್ಪು ಬಟ್ಟೆಯ ಇಬ್ಬರು ಸುಮ್ಮನೆ ನಿಂತು ನೋಡುತ್ತಾರೆ. ಒಬ್ಬ ಸಿನ್ಯೊರೆಲ್ಲಿ, ಇನ್ನೊಬ್ಬ ಆಗಲೇ ತೀರಿಹೋಗಿದ್ದ ಆಂಜೆಲಿಕೊ. ಶುರು ಮಾಡಿದವನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಾನಲ್ಲ, ಒಳ್ಳೆಯ ಮನುಷ್ಯ.

ಹೊರಗೆ ಬಂದು ಎದುರಿನ ಕಲ್ಲು ಜಗಲಿಯ ಮೇಲೆ ಕೂತೆವು. ಬಂಗಾರ ಕಿತ್ತಳೆಯಾಯಿತು, ಕಿತ್ತಳೆ ಕಂದಾಯಿತು. ಮೂಲೆಯ ಗೋಪುರದ ಮೇಲೆ ಮೌರಿತ್ಸಿಯೊ ಎಂಬ ಕಂಚಿನ ಮನುಷ್ಯ ಗಂಟೆ ಹೊಡೆದ. ಚರ್ಚು ಕಟ್ಟುವ ಕೂಲಿಯವರಿಗೆ ಹೊತ್ತು ಗೊತ್ತಾಗಲಿ ಅಂತ ಹದಿನಾಲ್ಕನೇ ಶತಮಾನದಲ್ಲಿ ಇಟ್ಟದ್ದು. ಕೂಲಿಯವರು ಹೋದರು, ಇವನಿಗೆ ಮಾತ್ರ ಇನ್ನೂ ಡ್ಯೂಟಿ. ಊರಿನವರು ಒಳ್ಳೆ ಬಟ್ಟೆ ಹಾಕಿಕೊಂಡು ಕೊರ್ಸೊ ಕಾವೂರ್ ಬೀದಿಯಲ್ಲಿ ಆ ತುದಿಗೆ ಹೋಗಿ ಈ ತುದಿಗೆ ಬರುತ್ತಿದ್ದರು. ಅದಕ್ಕೆ ಪಾಸೆಜ್ಜಾತಾ ಅನ್ನುತ್ತಾರೆ. ನಾವೂ ಸೇರಿಕೊಂಡೆವು. ನಿನ್ನೆ ಚಕ್ರ ತಂದುಕೊಟ್ಟ ಅಜ್ಜ ಎದುರಾದರು, ಟೋಪಿ ಮುಟ್ಟಿ ನಕ್ಕರು. ಎರಡನೇ ಸುತ್ತಿನಲ್ಲಿ ಮತ್ತೆ ಎದುರಾದರು, ಮತ್ತೆ ಟೋಪಿ.

ಶುಕ್ರವಾರ, ಬೆಳಿಗ್ಗೆ

ಡೈರಿ ವಾಪಸ್ ಬಂತು, ಮೊದಲಿಗೆ ನೆಲದಡಿಯ ಊರು. ಈ ಬಂಡೆಯ ಹೊಟ್ಟೆಯಲ್ಲಿ ಸುಮಾರು 1,200 ಗವಿಗಳಿವೆ. ಮನೆಯ ಕೆಳಗೆ ಮನೆ ಅನ್ನುವ ಹಾಗೆ. ಗೈಡ್ ಹುಡುಗಿ ಎರಡನ್ನು ತೋರಿಸಿದಳು. ಗೋಡೆ ತುಂಬಾ ಪಾರಿವಾಳಕ್ಕೆ ಚೌಕ ಗೂಡು. ಹಕ್ಕಿ ತಾನೇ ಹಾರಿಹೋಗಿ ಮೇದು ಬರುತ್ತದೆ, ಸಾಕುವ ಖರ್ಚಿಲ್ಲ, ಆಮೇಲೆ ಊಟಕ್ಕೂ ಅದೇ. ರೋಮನ್ನರಿಗೂ ಮುಂಚೆ ಇಲ್ಲಿದ್ದ ಎಟ್ರುಸ್ಕನ್ ಜನರ ಕಾಲದ ಸಪೂರ ಬಾವಿಯೂ ಇದೆ, ಎರಡು ಗೋಡೆಗೂ ಕಾಲಿಡುವ ಕುಳಿ. ರೋಮನ್ನರು ಕ್ರಿಸ್ತಪೂರ್ವ 264ರಲ್ಲಿ ಊರು ಹಾಳುಮಾಡಿ ಜನರನ್ನು ಬೋಲ್ಸೇನ ಕೆರೆಯ ಕಡೆಗೆ ಎಬ್ಬಿಸಿ ಕಳಿಸಿದರು. ಬಾವಿ ಉಳಿಯಿತು.

ಚಕ್ರ ಇಲ್ಲದ ಸೂಟ್‌ಕೇಸ್ ಹೊತ್ತು ಈ ಸಲ ಬಸ್ ಹಿಡಿದೆವು. ಕೆಳಗೆ ಸ್ಟೇಷನ್ನಿನಲ್ಲಿ ಫ್ಲಾರೆನ್ಸ್ ರೈಲಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಇವರು ಡೈರಿ ತೆಗೆದು ಟಿಕ್ ಹಾಕುತ್ತಾ ಕೂತರು. ನಾನು ಬಗ್ಗಿ ನೋಡಿದೆ. ಡೂಮೊ, ಟಿಕ್. ನೆಲದಡಿಯ ಊರು, ಟಿಕ್. ಸಂತೆ ಅಂತ ಹೊಸದಾಗಿ ಸೇರಿಸಿದ್ದಾರೆ, ಅದಕ್ಕೂ ಟಿಕ್. ಬಾವಿಯ ಮುಂದೆ ಮಾತ್ರ ಟಿಕ್ ಇಲ್ಲ. 'ಇಳಿಯುವುದು 248. ಹತ್ತುವುದು: ಲೆಕ್ಕ ಬಾಕಿ' ಅಂತ ಬರೆದಿದ್ದಾರೆ.

"ಬೋರ್ಡಲ್ಲಿ ಬರೆದಿದ್ದಾರಲ್ರೀ, ಅಷ್ಟೇ ಅಂತ."

"ಬರೆದಿದ್ದಾರೆ. ನಾವು ಎಣಿಸಿಲ್ವಲ್ಲ" ಅಂದರು. ಆಮೇಲೆ ಉಳಿದ ಬ್ರೆಡ್ಡು ತೆಗೆದು, ಚಟ್ನಿಪುಡಿ ಎಲ್ಲಿ ಅಂತ ಕೇಳಿದರು.